ಉಳಿದದ್ದು ರೈಲು ಹೋದ ಮೇಲೆ

"ಸಾಯೋಕೆ ನಿಮಗೆ ಬೇರೆ ಗೇಟೇ ಸಿಗಲಿಲ್ವಾ?"

ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆಯುತ್ತಲೇ ಅವಳು ಕೂಗಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಗೂಡ್ಸ್ ರೈಲು ಇಬ್ಬರ ಮುಂದೆ ಧಡಧಡನೆ ನುಗ್ಗಿತು.

ಅವಳ ಎಡಗೈಯಲ್ಲಿ ಹಸಿರು ಬಾವುಟ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬಲಗೈಯಲ್ಲಿ ಅಪರಿಚಿತನ ಕಾಲರ್! ಬಾವುಟ ಇಳಿಸುವಂತಿಲ್ಲ, ಕಾಲರ್ ಬಿಡಲು ಧೈರ್ಯವಿಲ್ಲ. ಐವತ್ತೆಂಟು ವ್ಯಾಗನ್‌ಗಳು ದಾಟುವವರೆಗೂ ಇಬ್ಬರೂ ಹಾಗೆಯೇ ನಿಂತರು.

ಸದ್ದು ಅಡಗಿದ ಮೇಲೆ ಅವನು ಕೆಮ್ಮಿದ.

"ಟೈಮ್ ಟೇಬಲ್‌ನಲ್ಲಿ ಈ ಹೊತ್ತಿಗೆ ಯಾವ ರೈಲೂ ಇಲ್ಲ..."

"ಗೂಡ್ಸ್ ನಿಮ್ಮ ಟೈಮ್ ಟೇಬಲ್ ಓದಲ್ಲ ಸ್ವಾಮಿ! ಗೇಟು ಹಾಕಿದ್ದು ಕಾಣಲಿಲ್ವಾ? ಬಗ್ಗಿ ನುಸುಳೋಕೆ ನೀವೇನು ಮೇಕೆಮರಿನಾ?"

"ಕಾಣಿಸ್ತು. ತಪ್ಪಾಯ್ತು." ಅವನ ದನಿ ತಗ್ಗಿತು. "ಈಗ... ಕಾಲರ್ ಬಿಡ್ತೀರಾ?"

ಅಯ್ಯೋ!

ಕಾದ ಹೆಂಚು ಮುಟ್ಟಿದವಳಂತೆ ಅವಳು ಕೈ ಹಿಂದಕ್ಕೆಳೆದುಕೊಂಡಳು. ಕೆನ್ನೆ ಬಿಸಿಯಾಯಿತು. 'ಇನ್ನೊಬ್ಬ ಮನುಷ್ಯನನ್ನು ಮುಟ್ಟಿ ಎಷ್ಟು ದಿನವಾಯಿತು? ಅಪ್ಪ ಹೋದ ಮೇಲೆ...' ಲೆಕ್ಕ ಹಾಕಲು ಹೊರಟವಳು ಅರ್ಧಕ್ಕೇ ಬಿಟ್ಟುಬಿಟ್ಟಳು.

ಅವಳನ್ನು ಎಲ್ಲರೂ ಗೇಟಮ್ಮ ಎಂದೇ ಕರೆಯುತ್ತಿದ್ದರು. ಊರಾಚೆಯ ರೈಲ್ವೆ ಗೇಟಿನಲ್ಲಿ ಹದಿನೈದು ವರ್ಷದ ಕೆಲಸ. ವಯಸ್ಸು ಮೂವತ್ತೇಳು. ಒಂದು ಕೋಣೆಯ ಕ್ವಾರ್ಟರ್ಸ್, ಗೋಡೆಗೆ ಎರಡು ಬಾವುಟ, ಸ್ಟೇಷನ್ನಿಗೆ ಮಾತ್ರ ಮಾತಾಡುವ ಒಂದು ಫೋನು. ದಿನಕ್ಕೆ ನೂರಾರು ಜನ ಅವಳ ಮುಂದೆ ಬಂದು ನಿಲ್ಲುತ್ತಿದ್ದರು. ಆದರೆ ಅವರೆಲ್ಲ ನೋಡುತ್ತಿದ್ದದ್ದು ಗೇಟನ್ನು. ಅವಳ ಮುಖ ನೋಡುವವರು ಒಬ್ಬರೂ ಇರಲಿಲ್ಲ. ಗೇಟು ಎದ್ದರೆ ಸಾಕು, ಹಿಡಿಕೆ ತಿರುಗಿಸಿದ ಕೈ ಯಾರದ್ದಾದರೇನು?

ಅವನು ಅಳತೆಗಾರ. ಆ ಮಾರ್ಗದಲ್ಲಿ ಎರಡನೇ ಹಳಿ ಹಾಕಲು ಅಳತೆ ಮಾಡಲು ಬಂದವನು. ನಲವತ್ತರ ಆಸುಪಾಸು. ಕಿವಿಯ ಪಕ್ಕ ನಾಲ್ಕು ಬೆಳ್ಳಿಕೂದಲು, ತಲೆಯ ಮೇಲೆ ಹಳದಿ ಹೆಲ್ಮೆಟ್, ಹೆಗಲ ಮೇಲೆ ಮೂರು ಕಾಲಿನ ಯಂತ್ರ.

"ಎರಡನೇ ಹಳಿನಾ?" ಅವಳ ಕೋಪವೆಲ್ಲ ಎಲ್ಲೋ ಹೋಯಿತು. "ನಿಜವಾಗ್ಲೂ ಹಾಕ್ತಾರಾ?"

"ಹಾಕದೇ ಇದ್ರೆ ನಾನ್ಯಾಕೆ ನಿಮ್ಮ ಕೈಗೆ ಸಿಕ್ಕಿ ಬೀಳ್ತಿದ್ದೆ?"

ಅವಳಿಗೆ ನಗು ಬಂತು. ಬಂದ ಮೇಲೆ ತನಗೇ ಆಶ್ಚರ್ಯವಾಯಿತು.

ಆ ಮಾರ್ಗದಲ್ಲಿ ಹಿಂದೆ ಎರಡು ಹಳಿ ಇದ್ದವು. ಹೋಗುವುದಕ್ಕೊಂದು, ಬರುವುದಕ್ಕೊಂದು. ರೈಲು ಕಡಿಮೆಯಾದವು ಎಂದು ಇಪ್ಪತ್ತೆರಡು ವರ್ಷದ ಹಿಂದೆ ಒಂದನ್ನು ಕಿತ್ತರು. ಕಿತ್ತವರಲ್ಲಿ ಅವಳ ಅಪ್ಪನೂ ಒಬ್ಬ. ಹರೆಯದಲ್ಲಿ ಅದೇ ಹಳಿ ಹಾಕಿದ ಗ್ಯಾಂಗಿನಲ್ಲೂ ಅವನಿದ್ದ.

"ಹಾಕಿದ ಕೈಯಲ್ಲೇ ಕಿತ್ತೆ ಮಗಳೇ," ಎಂದು ಅವತ್ತು ಅಪ್ಪ ಕೈ ಮುಂದೆ ಚಾಚಿ ತೋರಿಸಿದ್ದ. ಕೊನೆಗೆ ಆ ಕಿತ್ತ ಹಳಿಯ ಕೆಳಗಿದ್ದ ನಾಲ್ಕು ಸ್ಲೀಪರ್ ದಿಮ್ಮಿಗಳನ್ನು ಕೇಳಿ ಪಡೆದು ಗೇಟಿನ ಪಕ್ಕದಲ್ಲಿ ಒಂದು ಬೆಂಚು ಮಾಡಿದ. ಪ್ರತಿ ಸಂಜೆ ಅದರ ಮೇಲೆ ಕೂತು, ಹಳಿ ಇಲ್ಲದ ಆ ಜಲ್ಲಿಯ ಹಾದಿ ನೋಡುತ್ತಿದ್ದ.

"ಖಾಲಿ ಜಾಗ ನೋಡ್ತಾ ಏನಪ್ಪಾ ಮಾಡ್ತೀಯ?"

"ಖಾಲಿ ಅಲ್ಲ ಮಗಳೇ. ಅದು ಕಾಯ್ತಾ ಇದೆ."

ಅಪ್ಪ ಹೋಗಿ ಆರು ವರ್ಷ. ಈಗ ಎರಡು ರೈಲುಗಳ ನಡುವೆ ಆ ಬೆಂಚಿನ ಮೇಲೆ ಅವಳು ಕೂರುತ್ತಿದ್ದಳು. ಒಬ್ಬಳೇ. ಒಂದು ತುದಿಗೆ. ಇನ್ನೊಂದು ತುದಿಯಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ.

ಮರುದಿನ ಅಳತೆಗಾರ ಮತ್ತೆ ಬಂದ. ಅದರ ಮರುದಿನವೂ ಬಂದ. ಗೇಟಿನ ಬಳಿಯ ಆ ಐವತ್ತು ಅಡಿ ಜಾಗವನ್ನು ಅವನು ಅಳೆದದ್ದೇ ಅಳೆದದ್ದು!

"ಇಷ್ಟು ಸಲ ಅಳೆಯೋಕೆ ಇಲ್ಲೇನು ಅರಮನೆ ಕಟ್ತೀರಾ?" ಅವಳು ಚಹಾದ ಲೋಟ ಮುಂದೆ ಇಟ್ಟು ಕೇಳುತ್ತಿದ್ದಳು.

"ಇಲ್ಲಿ ಅಳತೆ ಸ್ವಲ್ಪ ಕಷ್ಟ ಇದೆ," ಎಂದು ಅವನು ಯಂತ್ರದೊಳಗೆ ಕಣ್ಣಿಡುತ್ತಿದ್ದ. ಯಂತ್ರ ಆಚೆ ಕಡೆ ತಿರುಗಿದ್ದರೂ ಅವನ ಕಿವಿ ಮಾತ್ರ ಈಚೆ ಕಡೆಗೇ ಇರುತ್ತಿತ್ತು.

ಇಬ್ಬರೂ ಮಾತು ಶುರುಮಾಡಿದರೆ ಸಾಕು, ಫೋನು ಗಂಟೆ ಹೊಡೆಯುತ್ತಿತ್ತು. ಅವಳು ಎದ್ದು ಗೇಟು ಹಾಕಿ ಬಾವುಟ ಹಿಡಿಯಬೇಕು. ರೈಲಿನ ಸದ್ದಿನಲ್ಲಿ ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ಆಗೆಲ್ಲ ಅವನು ಬೆರಳೆತ್ತಿ, "ಉಳಿದದ್ದು ರೈಲು ಹೋದ ಮೇಲೆ!" ಎನ್ನುತ್ತಿದ್ದ. ರೈಲು ಹೋದ ಮೇಲೆ, ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುತ್ತಿದ್ದ.

"ನಮ್ಮ ಅಮ್ಮ ಹೋದಾಗ ನನಗೆ ಹನ್—" ಎಂದು ಒಮ್ಮೆ ನಿಂತ. ಇಡೀ ಪ್ಯಾಸೆಂಜರ್ ರೈಲು ದಾಟಿತು. "—ನೆರಡು ವರ್ಷ," ಎಂದು ಮುಗಿಸಿದ.

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಆ ನಡುವಿನ ಎರಡು ನಿಮಿಷದಲ್ಲಿ ಅಮ್ಮನಿಲ್ಲದ ಹುಡುಗನೊಬ್ಬ ಅವಳ ಕಣ್ಣ ಮುಂದೆ ನಿಂತುಬಿಟ್ಟಿದ್ದ. ಆಮೇಲೆ ಅವನಿಗೆ ಮನೆ ಎಂಬುದೇ ಇರಲಿಲ್ಲವಂತೆ. ಹಾಸ್ಟೆಲು, ಟೆಂಟು, ಬಾಡಿಗೆ ರೂಮು. "ಊರೂರು ಅಳೀತೀನಿ. ನಂದು ಅಂತ ಒಂದು ಅಡಿ ಜಾಗ ಇಲ್ಲ ನೋಡಿ," ಎಂದು ತಮಾಷೆ ಮಾಡಿದ. ಅವಳಿಗೆ ಅದು ತಮಾಷೆ ಅನ್ನಿಸಲಿಲ್ಲ. ಅವಳೂ ಅಪ್ಪನ ಕಥೆ, ಬೆಂಚಿನ ಕಥೆ ಹೇಳಿದಳು.

ಮೊಬೈಲಿಗೆ ಅಕ್ಕನ ಕರೆ ಬಂದಾಗ ಬಾಯಿ ತಪ್ಪಿ ಹೇಳಿಬಿಟ್ಟಳು. "ಅಕ್ಕಾ, ಇಲ್ಲಿ ಒಬ್ರು ಅಳತೆಯವರು ಬರ್ತಾರೆ..."

"ಓಹೋ! ಅಳೆದೂ ಸುರಿದೂ ಕೂರಬೇಡ, ಬೇಗ ಒಪ್ಕೋ. ಇಲ್ದಿದ್ರೆ ನೀನು ರೈಲಿಗೆ ಬಾವುಟ ತೋರಿಸ್ತಾನೇ ಮುದುಕಿ ಆಗ್ತೀಯ!"

"ಥೂ ಹೋಗೇ!"

ಅವತ್ತು ಅವಳು ಬೆಂಚಿನ ತುದಿಯಿಂದ ಸ್ವಲ್ಪ ಮಧ್ಯಕ್ಕೆ ಸರಿದು ಕೂತಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಆ ಕೆಟ್ಟ ದಿನ ಬಂದದ್ದು ಒಂದು ಬೆಳಗ್ಗೆ.

ಅವಳು ಗೇಟು ಹಾಕಿ ಬಾವುಟ ಹಿಡಿದು ತಿರುಗಿ ನೋಡಿದರೆ, ಅಳತೆಗಾರ ಬೆಂಚಿನ ಮುಂದೆ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಬಣ್ಣದ ಡಬ್ಬಿ. ಅಪ್ಪನ ದಿಮ್ಮಿಯ ಮೇಲೆ ತಟ್ಟೆಯಷ್ಟಗಲ ಹಳದಿ ಸುತ್ತು!

"ಇದೇನು? ಯಾಕೆ ಗುರುತು ಹಾಕಿದ್ರಿ?" ಅವಳು ನಿಂತಲ್ಲಿಂದಲೇ ಕೂಗಿದಳು.

ಅವನು ನಗುತ್ತ ಎದ್ದು ನಿಂತ. ಏನೋ ದೊಡ್ಡ ಕೆಲಸ ಸಾಧಿಸಿದವನ ಹಾಗೆ. "ನೆಲ ಬಾಚೋ ಮೆಷಿನ್ ಬರ್ತಿದೆ. ಅದಕ್ಕೆ ಹೇಳೋಕೆ. ಈ ಬೆಂಚ್‌ನ ತೆಗೀ—"

ಕೂ... ಎಂದು ಎಂಜಿನ್ ಕಿರುಚಿತು. ಅವನ ತುಟಿ ಮಾತ್ರ ಅಲ್ಲಾಡಿತು.

ತೆಗೀ... ತೆಗೀಬೇಕು!

ರೈಲು ದಾಟುವಷ್ಟು ಹೊತ್ತೂ ಅವಳ ಕಿವಿಯಲ್ಲಿ ಅದೊಂದೇ ಮಾತು. ದಾಟಿದ ಮೇಲಾದರೂ ಅವನು ಮುಂದಿನದನ್ನು ಹೇಳಬೇಕಿತ್ತು. ಆದರೆ ಆಚೆ ಕಡೆ ಜೀಪೊಂದು ಬಂದು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಸೇತುವೆಯ ಬಳಿ ಮಣ್ಣು ಕುಸಿದಿದೆ, ತಕ್ಷಣ ಬರಬೇಕಂತೆ. ಅವನು ಓಡುತ್ತಲೇ ಬೆರಳೆತ್ತಿ ಕೂಗಿದ.

"ಉಳಿದದ್ದು ಆಮೇಲೆ!"

ಜೀಪು ಹೋಯಿತು.

'ಇದಕ್ಕಾ ದಿನಾ ಬಂದು ಅಳೆದದ್ದು? ಇದಕ್ಕಾ ನಮ್ಮಪ್ಪನ ಕಥೆ ಕೇಳಿದ್ದು?'

ಅವಳು ಒಳಗಿಂದ ಸೀಮೆಎಣ್ಣೆ ತಂದಳು. ಹಳೇ ಸೀರೆಯ ತುಂಡು ತಂದಳು. ಗುರುತು ಇದ್ದರೆ ತಾನೇ ಮೆಷಿನ್ ತೆಗೆಯುವುದು? ಉಜ್ಜಿದಳು. ಉಗುರಿನಿಂದ ಕೆರೆದಳು. ಮರದ ಎಳೆಯೊಳಗೆ ಒಂದು ಚೂರೂ ಹಳದಿ ಉಳಿಯದ ಹಾಗೆ ಒರೆಸಿ, ಬೆವರಿದ ಮುಖವನ್ನು ಆ ದಿಮ್ಮಿಗೇ ಆನಿಸಿ ಕೂತಳು.

ನಾಲ್ಕನೇ ದಿನ ಮೆಷಿನ್ ಬಂತು.

ಆ ಹೊತ್ತಿಗೆ ಸರಿಯಾಗಿ ಫೋನು ಗಂಟೆ ಹೊಡೆದಿತ್ತು. ರೈಲು ಹೊರಟಾಗಿದೆ. ಅವಳು ಗೇಟು ಹಾಕಿ ಹಸಿರು ಬಾವುಟ ಹಿಡಿದು ನಿಂತಿದ್ದಳು. ಬೆನ್ನ ಹಿಂದೆ ಕಬ್ಬಿಣದ ಕೈ ಬೆಂಚಿನ ಕೆಳಗೆ ತೂರಿದ ಸದ್ದು ಕೇಳಿಸಿತು.

"ನಿಲ್ಸಿ! ಅದನ್ನ ಮುಟ್ಟಬೇಡಿ! ರೀ!"

ಮೆಷಿನ್ ಮೇಲಿದ್ದವನಿಗೆ ಕೇಳಲಿಲ್ಲ. ಬಾವುಟ ಬಿಟ್ಟು ಓಡುವಂತಿಲ್ಲ, ಬರುತ್ತಿರುವ ರೈಲಿನಲ್ಲಿ ಸಾವಿರ ಜನ. ಅವಳು ಅಲುಗಲಿಲ್ಲ. ಕಣ್ಣು ಮಾತ್ರ ಧಾರಾಕಾರ ಸುರಿಯಿತು. ರೈಲಿನ ಸದ್ದಿನಲ್ಲಿ ಮರ ಮುರಿದ ಸದ್ದೂ ಸೇರಿಹೋಯಿತು.

ರೈಲು ದಾಟಿದ ಮೇಲೆ ತಿರುಗಿ ನೋಡಿದರೆ, ಬೆಂಚು ಇದ್ದ ಕಡೆ ನಾಲ್ಕು ಹಸಿ ಮಣ್ಣಿನ ಗುಳಿಗಳು.

ಒಂದು ವಾರದ ಮೇಲೆ ಅಳತೆಗಾರ ಬಂದ. ಜೀಪಿನಿಂದ ಇಳಿದವನೇ ಆ ಜಾಗ ನೋಡಿ ಕಂಬದಂತೆ ನಿಂತ.

"ಬೆಂಚ್... ಬೆಂಚ್ ಎಲ್ಲಿ? ನಾನು ಗುರುತು ಹಾಕಿದ್ನಲ್ಲ!"

"ಹಾಕಿದ್ರಿ. ನಾನು ಅಳಿಸಿದೆ. ಆದ್ರೂ ನಿಮ್ಮವರು ಬಿಡಲಿಲ್ಲ." ಅವಳ ದನಿ ಕಲ್ಲಾಗಿತ್ತು. "ನಿಮ್ಮ ಹಳಿಗೆ ನಮ್ಮಪ್ಪ ಅಡ್ಡ ಬಂದಿದ್ರು ಅಲ್ವಾ? ಈಗ ದಾರಿ ಆಯ್ತು. ಹಾಕ್ಕೊಳ್ಳಿ."

"ನೀವು... ಅಳಿಸಿದ್ರಾ?"

ಅವನ ಮುಖದ ಬಣ್ಣ ಇಳಿಯಿತು. ಬಾಯಿ ತೆರೆದ. ಅವಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಒಂದು ಗೆರೆ ಹಳದಿ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡ.

ಹತ್ತಿರದಲ್ಲಿ ರೈಲೂ ಇರಲಿಲ್ಲ, ಹಾರ್ನೂ ಇರಲಿಲ್ಲ. ಅಷ್ಟು ನಿಶ್ಶಬ್ದದಲ್ಲಿ ಅವನು ಹೇಳಿದ್ದು ಎರಡೇ ಮಾತು.

"ತಪ್ಪು ನಂದೇ."

"ಹೌದು, ನಿಮ್ಮದೇ! ಇನ್ನು ಈ ಗೇಟಿನ ಹತ್ರ ಬರಬೇಡಿ."

ಅವನು ತಲೆಯಾಡಿಸಿದ. ಬರಲಿಲ್ಲ.

ಅವನು ಬರಬಾರದು ಎಂದವಳು ಅವಳೇ. ಆದರೂ ಬೆಳಗ್ಗೆ ಚಹಾ ಮಾಡುವಾಗ ಕೈ ತಾನಾಗಿ ಎರಡು ಲೋಟ ನೀರು ಹಾಕುತ್ತಿತ್ತು. ಒಂದು ಲೋಟ ಚಹಾ ಆರಿ, ಕೆನೆ ಕಟ್ಟಿ, ಗಿಡದ ಬುಡಕ್ಕೆ ಹೋಗುತ್ತಿತ್ತು.

ಕೆಲಸದವರು ಬಂದರು. ಜಲ್ಲಿ ಬಂತು, ಸಿಮೆಂಟಿನ ಸ್ಲೀಪರ್ ಬಂತು, ಹೊಸ ಹಳಿ ಬಂತು. ಅವಳ ಬಾಗಿಲ ಮುಂದೆ ದಿನವಿಡೀ ಐವತ್ತು ಜನರ ಗದ್ದಲ. ಆದರೂ ಅಷ್ಟು ಒಂಟಿತನವನ್ನು ಅವಳು ಎಂದೂ ಕಂಡಿರಲಿಲ್ಲ. ಮೊದಲೆಲ್ಲ ಒಂಟಿತನಕ್ಕೆ ಮುಖವಿರಲಿಲ್ಲ. ಈಗ ಅದಕ್ಕೆ ಹಳದಿ ಹೆಲ್ಮೆಟ್ ಇತ್ತು, ಕಿವಿಯ ಪಕ್ಕ ನಾಲ್ಕು ಬೆಳ್ಳಿಕೂದಲು ಇತ್ತು.

ಅವನು ದೂರದ ತಿರುವಿನಲ್ಲಿ ಯಂತ್ರಕ್ಕೆ ಕಣ್ಣಿಟ್ಟು ನಿಲ್ಲುತ್ತಿದ್ದ. ಇವಳು ಇಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದಳು. ನಡುವೆ ಕಾಲು ಮೈಲಿ. ಆ ಯಂತ್ರದಲ್ಲಿ ನೋಡಿದರೆ ದೂರದ್ದೆಲ್ಲ ಹತ್ತಿರ ಕಾಣುತ್ತದೆ ಎಂದು ಒಮ್ಮೆ ಅವನೇ ಹೇಳಿದ್ದ. 'ನೋಡ್ತಾನಾ?' ಎನ್ನಿಸುತ್ತಿತ್ತು. 'ನೋಡಿದ್ರೆ ನನಗೇನು?' ಎಂದು ಮುಖ ತಿರುಗಿಸುತ್ತಿದ್ದಳು. ತಿರುಗಿಸುವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಒಂದು ವಿಷಯ ಮಾತ್ರ ಅವಳಿಗೆ ಬಗೆಹರಿಯಲಿಲ್ಲ. ಹೊಸ ಹಳಿ ನೇರವಾಗಿ ಬಂದು, ಬೆಂಚು ಇದ್ದ ಜಾಗದ ಬಳಿ ಒಂದಿಷ್ಟು ಆಚೆಗೆ ಬಾಗಿ, ಮುಂದೆ ಹೋಗಿ ಮತ್ತೆ ನೇರವಾಗುತ್ತಿತ್ತು. ಯಾರೋ ಕೂತಿದ್ದಾರೆ, ತಾಗಬಾರದು ಎಂದು ಸರಿದು ಹೋದ ಹಾಗೆ.

ಎರಡನೇ ಹಳಿಯ ಮೇಲೆ ಮೊದಲ ರೈಲು ಬರುವ ದಿನ ಬಂದೇ ಬಿಟ್ಟಿತು.

ಬೆಳಗ್ಗೆಯೇ ಗ್ಯಾಂಗಿನ ಮುದಿ ಮೇಸ್ತ್ರಿ ಅವಳ ಬಾಗಿಲಿಗೆ ಬಂದ. ಅಪ್ಪನ ಕೈಕೆಳಗೆ ಕೆಲಸ ಕಲಿತವನು.

"ಮಗಳೇ, ಕಾಲು ನೋಯ್ತಿದೆ. ಎಲ್ಲಾದ್ರೂ ಕೂರೋಣ ಅಂದ್ರೆ... ನಿಮ್ಮಪ್ಪನ ಬೆಂಚೂ ಇಲ್ಲ."

"ಆ ಪುಣ್ಯಾತ್ಮ ಅಳತೆಗಾರ ಕೀಳಿಸಿದ್ರಲ್ಲ ಮಾವ."

"ಯಾರು? ಅವನಾ?" ಮೇಸ್ತ್ರಿ ಹುಬ್ಬೇರಿಸಿದ. "ಏನು ಮಾತು ಅಂತ ಆಡ್ತೀಯೇ! ಆ ಬೆಂಚ್ ಉಳಿಸೋಕೆ ಅವನು ಲೈನನ್ನೇ ಒಂದು ಗೇಣು ಆಚೆಗೆ ಸರಿಸಿದ. ನಕ್ಷೆ ಮೂರು ಸಲ ಬರೆದ. ದೊಡ್ಡ ಎಂಜಿನಿಯರ್ ಕೈಲಿ ಮಂಗಳಾರತಿ ಎತ್ತಿಸ್ಕೊಂಡ!"

"ಮತ್ತೆ... ಮತ್ತೆ ಆ ಹಳದಿ ಸುತ್ತು?"

"ಸುತ್ತು ಇದ್ರೆ ಮುಟ್ಟಬೇಡಿ ಅಂತ. ಸುತ್ತು ಇಲ್ಲದ್ದನ್ನೆಲ್ಲ ಮೆಷಿನ್ ಬಾಚ್ಕೊಂಡು ಹೋಗುತ್ತೆ. ಅಗೋ ನೋಡಲ್ಲಿ, ಮೈಲಿಕಲ್ಲು. ಅದು ಹೇಗೆ ಉಳೀತು ಅಂದ್ಕೊಂಡೆ?"

ಅವಳು ನೋಡಿದಳು. ಹೊಸ ಹಳಿಯ ಪಕ್ಕ ಹಳೇ ಮೈಲಿಕಲ್ಲು ಒಂಟಿಯಾಗಿ ನಿಂತಿತ್ತು. ಅದರ ಹೊಟ್ಟೆಯ ಮೇಲೆ ತಟ್ಟೆಯಷ್ಟಗಲ ಹಳದಿ ಸುತ್ತು. ಇಷ್ಟು ತಿಂಗಳು ದಿನವೂ ಅವಳ ಕಣ್ಣಿಗೆ ಬಿದ್ದಿತ್ತು. ಒಂದು ದಿನವೂ ಅದು ಏನು ಹೇಳುತ್ತಿದೆ ಎಂದು ಅವಳು ಕೇಳಿರಲಿಲ್ಲ.

ತೆಗೀ...

ತೆಗೀಬಾರದು!

ಅವಳು ತನ್ನ ಕೈ ನೋಡಿಕೊಂಡಳು. 'ಇದೇ ಕೈ ಅಪ್ಪಾ... ನಿನ್ನದನ್ನ ಕೀಳಿಸಿದ್ದು ಇದೇ ಕೈ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ನಂದೇ ಅಂದ!'

"ಮಾವ, ಅವರು ಎಲ್ಲಿದ್ದಾರೆ?"

"ಇವತ್ತು ಕೊನೇ ದಿನ. ಟೆಂಟ್ ಬಿಚ್ಚಾಯ್ತು. ಮೊದಲನೇ ರೈಲಿಗೆ ಹಳಿ ಅದುರೋದು ನೋಡಿ, ಆಮೇಲೆ ಜೀಪ್ ಹತ್ತಿ ಹೊರಡ್ತಾನೆ."

ಫೋನು ಗಂಟೆ ಹೊಡೆಯಿತು. ಆ ಕಡೆಯಿಂದ ಒಂದು ರೈಲು ಹೊರಟಿದೆ. ಇಡುವಷ್ಟರಲ್ಲಿ ಮತ್ತೆ ಗಂಟೆ. ಈ ಕಡೆಯಿಂದಲೂ ಒಂದು!

ಅವಳು ಗೇಟು ಹಾಕಿದಳು. ಎರಡೂ ಕಡೆ ಬೈಕು, ಸೈಕಲ್ಲು, ಲಾರಿ ಸಾಲುಗಟ್ಟಿದವು. ಹಸಿರು ಬಾವುಟ ಹಿಡಿದು ತಲೆಯೆತ್ತಿದರೆ, ಎರಡೂ ಹಳಿಗಳ ಆಚೆ, ಗೇಟಿನ ಒಳಗೇ, ಹಳದಿ ಹೆಲ್ಮೆಟ್. ಅವನು ಬಗ್ಗಿ ಹಳಿಯನ್ನೇ ನೋಡುತ್ತಿದ್ದ. ಅವನ ಹಿಂದೆ ಜೀಪು ಸಿದ್ಧವಾಗಿ ನಿಂತಿತ್ತು.

"ರೀ! ಆ ಸುತ್ತು..." ಅವಳು ಗಂಟಲು ಹರಿಯುವಂತೆ ಕೂಗಿದಳು.

ಅವನು ತಲೆಯೆತ್ತಿದ. ಅಷ್ಟರಲ್ಲಿ ಎರಡು ರೈಲುಗಳೂ ಒಟ್ಟಿಗೇ ನುಗ್ಗಿದವು.

ಇಪ್ಪತ್ತೆರಡು ವರ್ಷದ ಮೇಲೆ ಆ ಗೇಟಿನಲ್ಲಿ ಒಂದನ್ನೊಂದು ಕಾಯದೆ ಎರಡು ರೈಲು ಎದುರಾದವು. ಅಪ್ಪ ನೋಡಬೇಕಿದ್ದ ನೋಟ ಅದು! ಅವಳಿಗೆ ಮಾತ್ರ ಕಂಡದ್ದು ಬೋಗಿಗಳ ಸಂದಿಯಲ್ಲಿ ಹೊಳೆದು ಮಾಯವಾಗುವ ಒಂದು ಹಳದಿ ಚುಕ್ಕೆ. ಈಗ ಇದೆ. ಈಗ ಇಲ್ಲ. ಇದೆ... ಇಲ್ಲ... ಇಲ್ಲ...

ಸದ್ದು ದೂರವಾಯಿತು. ಧೂಳು ಇಳಿಯಿತು.

ಹಳದಿ ಹೆಲ್ಮೆಟ್ ಹಳಿಯ ಪಕ್ಕ ನೆಲದ ಮೇಲೆ ಬಿದ್ದಿತ್ತು. ಅವನು ಹಳಿ ದಾಟಿ ಅವಳ ಎದುರಿಗೇ ಬಂದು ನಿಂತಿದ್ದ, ಬರಿತಲೆಯಲ್ಲಿ.

"ಕರೆದ್ರಿ," ಎಂದ. "ಉಳಿದದ್ದು ಹೇಳಿ."

"ಇಲ್ಲ. ಮೊದಲು ನೀವು ಹೇಳಿ. ಅವತ್ತು 'ತೆಗೀ' ಅಂತ ನಿಲ್ಲಿಸಿದ್ರಿ." ಅವಳು ಬಾವುಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಉಳಿದದ್ದು?"

ಅವನು ಅವಳ ಕಣ್ಣನ್ನೇ ನೋಡಿದ. ಯಾರು ಹೇಳಿದರು ಎಂದು ಕೇಳಲಿಲ್ಲ.

"ಬಾರದು," ಎಂದ, ಮೆಲ್ಲಗೆ.

ಅವಳಿಗೆ ಅಳು ಒತ್ತರಿಸಿ ಬಂತು.

"ಯಾಕೆ ತಪ್ಪು ಹೊತ್ಕೊಂಡ್ರಿ? ನೀನೇ ಅಳಿಸಿದ್ದು, ನೀನೇ ಕಳ್ಕೊಂಡೆ ಅಂತ ಮುಖಕ್ಕೆ ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀವು ನಿಮ್ಮ ಮೇಲೇ ಸಿಟ್ಟಾಗ್ತಿದ್ರಿ. ಆಮೇಲೆ ಊಟ ನಿದ್ದೆ ಎಲ್ಲ ಬಿಡ್ತಿದ್ರಿ. ನನ್ನ ಮೇಲೆ ಸಿಟ್ಟಿದ್ರೆ ಹೊಟ್ಟೆ ತುಂಬಾ ಊಟ ಮಾಡಿ ಬೈತೀರಿ ಅಂತ..."

"ಚಹಾ ದಿನಾ ಎರಡು ಲೋಟ ಮಾಡ್ತಿದ್ದೆ," ಅವಳು ಬಿಕ್ಕಿದಳು. "ಬೈಕೊಂಡೇ ಮಾಡ್ತಿದ್ದೆ!"

ಪೀಂ... ಪೀಂ... ಪೀಂ! ಎರಡೂ ಕಡೆಯಿಂದ ಹಾರ್ನು. "ಗೇಟಮ್ಮಾ! ರೈಲು ಹೋಗಿ ಎಷ್ಟೊತ್ತಾಯ್ತು! ಗೇಟು ತೆಗೀರಿ!"

ಅವಳು ಗರಕ್ಕನೆ ತಿರುಗಿದಳು. "ಹದಿನೈದು ವರ್ಷದಿಂದ ತೆಗೀತಾನೇ ಇದೀನಿ! ಒಂದು ನಿಮಿಷ ತಡ್ಕೊಳ್ರೀ!"

ಸಾಲಿನಲ್ಲಿದ್ದವರೆಲ್ಲ ಬೆಪ್ಪಾಗಿ ಅವಳ ಮುಖ ನೋಡಿದರು. ಗೇಟನ್ನಲ್ಲ, ಮುಖವನ್ನು. ಮೇಸ್ತ್ರಿ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

ಅಳತೆಗಾರನೂ ನಕ್ಕ. ಆಮೇಲೆ ನಗು ನಿಲ್ಲಿಸಿ, ಜೀಪಿನ ಕಡೆ ಕೈ ತೋರಿಸಿದ. "ಗುಜರಿ ರಾಶಿಯಲ್ಲಿ ಮೂರು ದಿನ ಹುಡುಕಿದೆ. ನಾಲ್ಕು ದಿಮ್ಮಿಯಲ್ಲಿ ಒಂದು ಮುರಿಯದೇ ಸಿಕ್ತು. ಕೊಡೋಣ ಅಂದ್ರೆ... ಗೇಟಿನ ಹತ್ರ ಬರಬೇಡಿ ಅಂದಿದ್ರಿ."

ಜೀಪಿನ ಹಿಂದಿನಿಂದ ಕಪ್ಪು ದಿಮ್ಮಿಯೊಂದರ ತುದಿ ಹೊರಗೆ ಚಾಚಿತ್ತು. ಅದರ ಮೇಲೆ ಹೊಸದಾಗಿ ಬರೆದ ಹಳದಿ ಸುತ್ತು.

ಅವಳು ಅದನ್ನೇ ನೋಡಿದಳು. ಅಪ್ಪನ ಮೂರು ದಿಮ್ಮಿಗಳು ಇನ್ನು ಬರುವುದಿಲ್ಲ. ಆ ನೋವು ಅವಳದ್ದೇ, ಅವಳ ಜೊತೆಗೇ ಇರುತ್ತದೆ. ಆದರೆ ಹೊಸ ಹಳಿ ಬಾಗಿ ಬಿಟ್ಟುಕೊಟ್ಟ ಜಾಗ ಅಲ್ಲೇ ಇತ್ತು. ಖಾಲಿಯಾಗಿ ಅಲ್ಲ.

"ಒಂದೇ ದಿಮ್ಮಿ," ಅವಳು ಕಣ್ಣೊರೆಸಿಕೊಂಡಳು. "ಅದರಲ್ಲಿ ಎಷ್ಟು ಜನ ಕೂರಬಹುದು?"

"ಇಬ್ಬರು." ಅವನ ಕಿವಿ ಕೆಂಪಾಯಿತು. "ಅಳೆದು ನೋಡಿದೀನಿ."

ಅವಳು ಕೈ ಚಾಚಿ ಅವನ ಅಂಗಿಯ ಕಾಲರ್ ಹಿಡಿದಳು. ಈ ಸಲ ಮೆಲ್ಲಗೆ.

"ಹಾಗಾದ್ರೆ ಇಳಿಸಿ. ನಾನು ಗೇಟು ತೆಗೆದು ಬರ್ತೀನಿ, ಇಲ್ದಿದ್ರೆ ಈ ಜನ ನನ್ನ ಸುಮ್ನೆ ಬಿಡಲ್ಲ."

"ಬಂದ ಮೇಲೆ?"

"ಬಂದ ಮೇಲೆ... ಉಳಿದದ್ದು."